ಸತ್ತವನು ಎದ್ದು ನಗಬೇಕು

ಬದುಕಿದ್ದ ಮನುಷ್ಯನೊಬ್ಬ ಸತ್ತನೆಂದು ಒಮ್ಮೆ ನಾನು ಸುದ್ದಿ ಬರೆದೆ. ಐದು ಸಾಲಿನ ಸುದ್ದಿ. ಗಚ್ಚಿಬೌಲಿಯಲ್ಲಿ ಏಳುತ್ತಿದ್ದ ಐಟಿ ಕಟ್ಟಡವೊಂದರ ಕಾವಲುಗಾರನನ್ನು, ಕಬ್ಬಿಣದ ಸರಳು ಕದಿಯಲು ಬಂದವರು ಹೊಡೆದು ಕೊಂದಿದ್ದರು. ಠಾಣೆಯ ಟಿಪ್ಪಣಿಯಲ್ಲಿ ಹೆಸರು, ವಯಸ್ಸು, ಊರು ಇದ್ದವು. ನಿಯಮದ ಪ್ರಕಾರ ಫೋನ್ ಮಾಡಿ ಹೆಸರನ್ನು ಇನ್ನೊಮ್ಮೆ ಕೇಳಿದೆ. ಆ ಕಡೆಯವರು ಅದೇ ಟಿಪ್ಪಣಿ ನೋಡಿ ಅದೇ ಹೆಸರನ್ನು ಓದಿದರು. ಒಂದೇ ಕಾಗದವನ್ನು ಎರಡು ಸಲ ಓದಿಸಿದರೆ ಅದು ಪರಿಶೀಲನೆಯಾಗುವುದಿಲ್ಲ ಎಂಬುದು ಆಗ ನನಗೆ ಹೊಳೆಯಲಿಲ್ಲ.

ಆಗ ನಾನು ಬೇಗಂಪೇಟೆಯಲ್ಲಿದ್ದ ಒಂದು ತೆಲುಗು ಪತ್ರಿಕೆಯ ನಗರ ವಿಭಾಗದಲ್ಲಿದ್ದೆ. ಮನೆ ಕುಷಾಯಿಗೂಡದಲ್ಲಿ. ಅಪ್ಪ ಅಲ್ಲಿನ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿ ಸೇರಿ ಅಲ್ಲೇ ನಿವೃತ್ತರಾದವರು. ಹತ್ತನೆಯವರೆಗೆ ಹುಮನಾಬಾದಿನ ಅಜ್ಜನ ಮನೆಯಲ್ಲಿ ಓದಿದ್ದರಿಂದ ನನಗೆ ಕನ್ನಡ ಬರೆಯಲು ಬರುತ್ತಿತ್ತು. ಪತ್ರಿಕೆಯ ಕೆಲಸಕ್ಕೆ ಅದು ಬೇಕಾಗುತ್ತಿರಲಿಲ್ಲ.

ಸತ್ತವನ ಮನೆ ನಮ್ಮ ಮನೆಯಿಂದ ನಾಲ್ಕು ಗಲ್ಲಿ ಆಚೆಗಿತ್ತು. ಅದೂ ನನಗೆ ಗೊತ್ತಿರಲಿಲ್ಲ, ಏಕೆಂದರೆ ಸೈಟಿನ ಹಾಜರಿ ರಿಜಿಸ್ಟರಿನಲ್ಲಿ ವಿಳಾಸದ ಜಾಗದಲ್ಲಿ ಲಿಂಗಸುಗೂರು ತಾಲ್ಲೂಕಿನ ಒಂದು ಹಳ್ಳಿಯ ಹೆಸರಷ್ಟೇ ಇತ್ತು.

ತಪ್ಪು ಆದದ್ದು ಹೀಗೆ. ನಮ್ಮ ಕಡೆಯಿಂದ ಬಂದು ಈ ಕಟ್ಟಡಗಳಲ್ಲಿ ದುಡಿಯುವವರಲ್ಲಿ ಒಂದು ರೂಢಿಯಿತ್ತು. ಏಜೆನ್ಸಿಯಲ್ಲಿ ಕೆಲಸ ಸಿಗುವುದು ಒಬ್ಬನಿಗೆ, ಮಾಡುವವರು ಇಬ್ಬರು. ಅಣ್ಣನಿಗೆ ಬೇರೆ ಕೆಲಸ ಬಿದ್ದ ದಿನ ತಮ್ಮ ಅದೇ ಸಮವಸ್ತ್ರ ತೊಟ್ಟು ಹೋಗುತ್ತಾನೆ, ರಿಜಿಸ್ಟರಿನಲ್ಲಿ ಅಣ್ಣನ ಹೆಸರಿನ ಮುಂದೆ ಸಹಿ ಹಾಕುತ್ತಾನೆ. ಮೇಸ್ತ್ರಿಗೂ ಗೊತ್ತು, ಸೂಪರ್‌ವೈಸರನಿಗೂ ಗೊತ್ತು. ಗೇಟಿನಲ್ಲಿ ಒಬ್ಬ ಮನುಷ್ಯ ನಿಂತಿದ್ದರೆ ಸಾಕು. ಅದನ್ನು ಮೋಸವೆಂದು ಯಾರೂ ಭಾವಿಸುತ್ತಿರಲಿಲ್ಲ.

ಅಣ್ಣ ಕರಾಟೆ ಮಾಸ್ಟರ್. ಬೆಳಿಗ್ಗೆ ನೀರಿನ ಟ್ಯಾಂಕಿನ ಪಕ್ಕದ ಬಯಲಿನಲ್ಲಿ ಇಪ್ಪತ್ತು ಮೂವತ್ತು ಜನರಿಗೆ ಕಲಿಸುತ್ತಿದ್ದರು, ಉಳಿದ ಹೊತ್ತು ಕಾವಲು ಕಾಯುತ್ತಿದ್ದರು. ಆ ವಾರ ಬೆಲ್ಟ್ ಪರೀಕ್ಷೆಗೆಂದು ಶಿಷ್ಯರನ್ನು ಕರೆದುಕೊಂಡು ವರಂಗಲ್‌ಗೆ ಹೋಗಿದ್ದರು. ಅವರ ಪಾಳಿಗೆ ತಮ್ಮ ಹೋಗಿದ್ದ. ನಸುಕಿನಲ್ಲಿ ಕೊಲೆಯಾಯಿತು. ಆ ಸೈಟಿನ ಮೇಸ್ತ್ರಿ ಊರಿಗೆ ಹೋಗಿದ್ದ, ಹೊಸ ಸೂಪರ್‌ವೈಸರನಿಗೆ ಗೊತ್ತಿದ್ದುದು ರಿಜಿಸ್ಟರ್ ಮಾತ್ರ. ಅಣ್ಣತಮ್ಮಂದಿರಿಗೆ ಚಹರೆಯೂ ಹತ್ತಿರದ್ದು. ಅಣ್ಣನ ಹೆಸರಿನಲ್ಲಿ ಶವ ಆಸ್ಪತ್ರೆಗೆ ಹೋಯಿತು. ಅಣ್ಣನ ಹೆಸರಿನಲ್ಲಿ ನನ್ನ ಸುದ್ದಿ ಅಚ್ಚಾಯಿತು. ತಮ್ಮ ಒಂದಕ್ಕೆ ಎರಡು ಪಾಳಿ ಮಾಡಿ ಅಲ್ಲೇ ಉಳಿಯುವುದು ಮಾಮೂಲಾಗಿದ್ದರಿಂದ ಮನೆಯಲ್ಲಿ ಯಾರೂ ಅವನಿಗಾಗಿ ಹುಡುಕಿರಲಿಲ್ಲ.

ಮರುದಿನ ಬೆಳಿಗ್ಗೆ ಪಕ್ಕದ ಮನೆಯವರು ಪತ್ರಿಕೆ ಹಿಡಿದು ಅವರ ಬಾಗಿಲಿಗೆ ಹೋದರು. ಹತ್ತು ಗಂಟೆಯ ಹೊತ್ತಿಗೆ ಮಾಸ್ಟರ್ ವರಂಗಲ್ಲಿನಿಂದ ಬಂದಿಳಿದರು. ಅಂಗಳ ತುಂಬ ಜನ, ಒಳಗೆ ತಾಯಿ ಮತ್ತು ಹೆಂಡತಿಯ ಅಳು. ಅವರನ್ನು ಕಂಡ ಮೇಲೆ ಗಲ್ಲಿಯವರಿಗೆ ಅರ್ಥವಾಯಿತು. ಅಣ್ಣ ಬದುಕಿದ್ದರೆ ಸತ್ತವನು ತಮ್ಮ.

ನಾನು ಎರಡು ಸಾಲಿನ ತಿದ್ದುಪಡಿ ಬರೆದೆ. ಅದು ಅಚ್ಚಾದ ದಿನ ಆ ಮನೆಗೆ ಹೋದೆ. ಹೋಗಬೇಕೆಂಬ ನಿಯಮವೇನೂ ಇರಲಿಲ್ಲ. ಮಾಸ್ಟರ್ ತಲೆ ಬೋಳಿಸಿಕೊಂಡು ಕಟ್ಟೆಯ ಮೇಲೆ ಕುಳಿತಿದ್ದರು. ನಾನು ಯಾರೆಂದು ಹೇಳಿದೆ. ಬೈಯುತ್ತಾರೆಂದು ನಿಂತೇ ಇದ್ದೆ. ಅವರು ಕುರ್ಚಿ ತರಿಸಿದರು.

"ಕೂಡ್ರಿ ಅಕ್ಕಾರ. ನಿಮ್ಮದೇನೈತಿ ಇದರಾಗ. ಸಹಿ ಮಾಡಿದಾವ ನನ್ನ ತಮ್ಮ, ಮಾಡು ಅಂದಾವ ನಾ."

ಕೊಂದವರು ಸಿಗಲಿಲ್ಲ. ಇಬ್ಬರನ್ನು ಹಿಡಿದು ತಂದರು, ಬಿಟ್ಟರು. ಸ್ವಲ್ಪ ಕಾಲದ ಮೇಲೆ ಕಡತ ಮುಚ್ಚಿತು. ಆ ಕಟ್ಟಡ ಎದ್ದು ನಿಂತು ಗಾಜು ಹೊದ್ದಿತು. ಅಂತಹ ಕಟ್ಟಡಗಳು ಎಷ್ಟೋ ಆದವು. ಅದು ಯಾವುದು ಎಂದು ಈಗ ರಸ್ತೆಯಲ್ಲಿ ನಿಂತು ಗುರುತಿಸಲಾರೆ.

ಎರಡು ವರ್ಷದ ಮೇಲೆ ಒಂದು ಭಾನುವಾರ ಮಾಸ್ಟರ್ ನಮ್ಮ ಮನೆಗೆ ಬಂದರು. ಕಾವಲು ಕೆಲಸ ಬಿಟ್ಟಿದ್ದರು. ಗಚ್ಚಿಬೌಲಿಯ ಗೇಟು ಹಾಕಿದ ಅಪಾರ್ಟ್‌ಮೆಂಟುಗಳಲ್ಲಿ ಸಾಫ್ಟ್‌ವೇರ್ ಎಂಜಿನಿಯರರ ಮಕ್ಕಳಿಗೆ ಕರಾಟೆ ಕಲಿಸುತ್ತಿದ್ದರು. ಹಿಂದೆ ಹೊರಗೆ ನಿಂತು ಸಲಾಮು ಹೊಡೆಯುತ್ತಿದ್ದ ಗೇಟುಗಳ ಒಳಗೆ ಈಗ ಅವರನ್ನು ಸರ್ ಎನ್ನುತ್ತಿದ್ದರು. ಕೀಸರದ ಕಡೆಗಿದ್ದ ಪ್ಲಾಟು ಮಾರಿ ಒಂದು ಸಿನಿಮಾ ತೆಗೆಯಲು ಹೊರಟಿರುವುದಾಗಿ ಹೇಳಿದರು. ಹೀರೋ ಅವರೇ. ತಮ್ಮನನ್ನು ಕೊಂದವರನ್ನು ಅಣ್ಣ ಹುಡುಕಿ, ಕರಾಟೆಯಿಂದ ಒಬ್ಬೊಬ್ಬರನ್ನಾಗಿ ಮುಗಿಸುವ ಕಥೆ. ಮಾತು ಬರೆದುಕೊಡಬೇಕು ಎಂದರು.

"ನನಗೆ ಸಿನಿಮಾ ಬರೆದು ಗೊತ್ತಿಲ್ಲ" ಎಂದೆ.

"ಸುಳ್ಳ ಬರದು ಗೊತ್ತೈತಲ್ರಿ. ನಿಮ್ಮ ಕೈಯಾಗ ನಾ ಒಂದ್ಸಲ ಸತ್ತೀನಿ." ಹಾಗೆಂದು ಅವರು ನಕ್ಕರು. ನನಗೆ ನಗುವುದಕ್ಕೆ ಆಗಲಿಲ್ಲ.

ಸಿನಿಮಾ ಕನ್ನಡದಲ್ಲಿ ಎಂದರು. ಹೈದರಾಬಾದಿನಲ್ಲಿ ಕುಳಿತು ತೆಲುಗಿನಲ್ಲಿ ತೆಗೆದರೆ ನಾಲ್ಕು ಜನ ನೋಡುತ್ತಾರೆ, ಹಿಂದಿಯಲ್ಲಿ ತೆಗೆದರೆ ಇನ್ನೂ ಹೆಚ್ಚು ಜನ ನೋಡುತ್ತಾರೆ, ಕನ್ನಡದಲ್ಲಿ ಏಕೆ ಎಂದು ಕೇಳಿದೆ.

"ನಮ್ಮವ್ವಗ ತೆಲುಗು ತಿಳಿಯಂಗಿಲ್ರಿ. ಆಕಿಗಿ ತಿಳದ್ರ ಸಾಕು."

ಆಮೇಲೆ ಹೇಳಿದರು. ತಮ್ಮ ಸತ್ತ ದಿನದಿಂದ ತಾಯಿ ಅವರೊಡನೆ ಮಾತು ಬಿಟ್ಟಿದ್ದರು. ಮನೆ ಬಿಟ್ಟಿರಲಿಲ್ಲ, ಅಡುಗೆ ಬಿಟ್ಟಿರಲಿಲ್ಲ. ಮಗನ ತಟ್ಟೆಗೆ ರೊಟ್ಟಿ ಹಾಕುತ್ತಿದ್ದರು. ಮುಖ ನೋಡುತ್ತಿರಲಿಲ್ಲ. ಹೇಳುವುದಿದ್ದರೆ ಸೊಸೆಗೆ ಹೇಳುತ್ತಿದ್ದರು. 'ಅವಂಗ ನೀರು ಕಾದಾವ ಅಂತ ಹೇಳು.' ಮಾಸ್ಟರ್ ಅಲ್ಲೇ ಎರಡು ಮಾರು ದೂರದಲ್ಲಿ ಕುಳಿತಿರುತ್ತಿದ್ದರು. 'ಹೂಂ ಅಂದ್ರಂತ ಹೇಳು' ಎಂದು ಅವರೂ ಹೆಂಡತಿಗೇ ಹೇಳುತ್ತಿದ್ದರು. ಎರಡು ವರ್ಷ ಹೀಗೆ ನಡೆದಿತ್ತು.

"ನನ್ನ ಪಾಳಿಗೆ ಅವನ್ನ ಕಳಿಸಿದೆ ಅಂತ ಆಕಿಗಿ ಸಿಟ್ಟೈತಿ. ತಪ್ಪಲ್ಲ. ಹೊರಗ ನನ್ನ ಕೈಲೆ ಏನೂ ಆಗಲಿಲ್ಲ ಅಕ್ಕಾರ. ಪರದಿ ಮ್ಯಾಲರ ಅವನ ಸಲುವಾಗಿ ನಾ ಬಡದಾಡೂದು ಆಕಿ ನೋಡ್ಲಿ. ನೋಡಿದ್ರ ಒಂದ್ ಮಾತ ಆಡಬಹುದು."

ನಾನು ಒಪ್ಪಿಕೊಂಡೆ. ಸೌಜನ್ಯಕ್ಕಾಗಿ ಅಲ್ಲ. ಇಲ್ಲವೆನ್ನುವ ಹಕ್ಕು ನನಗಿದೆ ಎಂದು ಅನ್ನಿಸಲಿಲ್ಲ.

ಆ ಸಿನಿಮಾ ಹೇಗಿತ್ತೆಂದು ಈಗ ಹೇಳಿದರೆ ಗೇಲಿಯಂತೆ ಕೇಳಬಹುದು. ಇದ್ದದ್ದನ್ನು ಇದ್ದಂತೆ ಹೇಳುತ್ತೇನೆ. ಖಳನಾಯಕ ನಮ್ಮಪ್ಪನ ಜೊತೆ ಕಾರ್ಖಾನೆಯಲ್ಲಿದ್ದ ನಿವೃತ್ತ ಟರ್ನರ್. ಹೊಟ್ಟೆ ದೊಡ್ಡದು, ಕಾಲು ಎತ್ತಲಾಗದು, ಆದ್ದರಿಂದ ಎಲ್ಲ ಹೊಡೆದಾಟವನ್ನೂ ಕುರ್ಚಿಯಲ್ಲಿ ಕುಳಿತು ಆಜ್ಞೆ ಮಾಡಿಯೇ ಮುಗಿಸುತ್ತಿದ್ದರು. ರೌಡಿಗಳೆಲ್ಲ ಮಾಸ್ಟರರ ಶಿಷ್ಯರು. ಅವರಲ್ಲೊಬ್ಬ ನಿಜವಾಗಿ ಒದ್ದು ಮಾಸ್ಟರರ ತುಟಿ ಒಡೆದ. 'ಸಾರಿ ಸರ್' ಎಂದು ಅಲ್ಲೇ ಬಗ್ಗಿ ವಂದಿಸಿದ. ಅದೂ ಚಿತ್ರದಲ್ಲಿ ಉಳಿಯಿತು. ಗಚ್ಚಿಬೌಲಿಯ ಬಂಡೆಗಳ ನಡುವೆ ಒಂದು ಹೊಡೆದಾಟ ತೆಗೆಯುವಾಗ ಎದುರಿನ ಕಂಪನಿಯ ಉದ್ಯೋಗಿಗಳು ಊಟದ ಬಿಡುವಿನಲ್ಲಿ ಕೊರಳಿಗೆ ಗುರುತಿನ ಚೀಟಿ ಹಾಕಿಕೊಂಡೇ ಬಂದು ಬೇಲಿಗೆ ಒರಗಿ ನೋಡಿದರು, ಬಿಡುವು ಮುಗಿದ ಕೂಡಲೇ ಹೊರಟುಹೋದರು.

ಕ್ಯಾಮೆರಾದವರು ಅರವತ್ತು ದಾಟಿದ ತೆಲುಗು ಮನುಷ್ಯ. ದೊಡ್ಡ ಚಿತ್ರಗಳಲ್ಲಿ ಸಹಾಯಕರಾಗಿ ದುಡಿದು, ಕೆಲಸ ಕಡಿಮೆಯಾದ ಮೇಲೆ ಇಂತಹದ್ದಕ್ಕೆ ಬಂದಿದ್ದರು. ಬೇರೆ ಚಿತ್ರಗಳಲ್ಲಿ ಬಳಸಿ ಉಳಿದ ಫಿಲ್ಮಿನ ತುಂಡುಗಳನ್ನು ಅವರೇ ಎಲ್ಲಿಂದಲೋ ತಂದಿದ್ದರು. ಆದ್ದರಿಂದ ಒಂದು ದೃಶ್ಯಕ್ಕೆ ಒಂದೇ ಸಲ. ಮಾತು ತಪ್ಪಲಿ, ಹಿಂದೆ ಎಮ್ಮೆ ಹಾದುಹೋಗಲಿ, ಅವರು ಎರಡನೇ ಸಲ ಗುಂಡಿ ಒತ್ತುತ್ತಿರಲಿಲ್ಲ. ಒಮ್ಮೆ ರೌಡಿಯೊಬ್ಬನ ವಿಗ್ಗು ಬಿತ್ತು. "ಒದೆ ಅಷ್ಟು ಜೋರಾಗಿತ್ತು ಅಂತ ಜನ ತಿಳಿದುಕೊಳ್ಳುತ್ತಾರೆ" ಎಂದು ತೆಲುಗಿನಲ್ಲಿ ಹೇಳಿ ಮುಂದಿನ ದೃಶ್ಯಕ್ಕೆ ಹೊರಟರು.

ತಮ್ಮನ ಪಾತ್ರ ಮಾಡಿದವನು ಐಟಿ ಕಂಪನಿಯೊಂದಕ್ಕೆ ಕ್ಯಾಬ್ ಓಡಿಸುತ್ತಿದ್ದ ಚಾಲಕ. ಇಪ್ಪತ್ತೈದು ವರ್ಷದವನು, ಯಾದಗಿರಿ ಕಡೆಯವನು, ಮಾಸ್ಟರರ ಹಳೆಯ ಶಿಷ್ಯ. ಮಧ್ಯಾಹ್ನ ಎರಡಕ್ಕೆ ಅವನ ಡ್ಯೂಟಿ ಶುರು. ಅವನ ದೃಶ್ಯಗಳೆಲ್ಲ ಅಷ್ಟರೊಳಗೆ ಮುಗಿಯಬೇಕಿತ್ತು.

ಶವದ ದೃಶ್ಯವನ್ನು ಮಾಸ್ಟರರ ಮನೆಯ ಅಂಗಳದಲ್ಲೇ ತೆಗೆಯುವುದೆಂದು ಗೊತ್ತಾಯಿತು. ಬೇರೆ ಮನೆ ಬಾಡಿಗೆಗೆ ಹಿಡಿಯುವ ಶಕ್ತಿ ಉಳಿದಿರಲಿಲ್ಲ. ಆ ದಿನ ಅವ್ವನನ್ನು ಬಂಧುಗಳ ಮನೆಗೆ ಕರೆದುಕೊಂಡು ಹೋಗು ಎಂದು ಮಾಸ್ಟರ್ ಹೆಂಡತಿಗೆ ಹೇಳಿದರು. ತಾಯಿ ಅಡುಗೆಮನೆಯಿಂದಲೇ ಸೊಸೆಗೆ ಉತ್ತರಿಸಿದರು.

"ನನ್ನ ಮನಿ ಬಿಟ್ಟು ನಾ ಯಾಕ ಹೋಗ್ಲಿ ಅಂತ ಕೇಳು. ಇಷ್ಟು ಮಂದಿಗಿ ರೊಟ್ಟಿ ಯಾರು ಬಡೀತಾರಂತ ಕೇಳು."

ಬೆಳಿಗ್ಗೆ ಒಂಬತ್ತಕ್ಕೆ ಚಾಲಕನನ್ನು ಚಾಪೆಯ ಮೇಲೆ ಮಲಗಿಸಿ ಬಿಳಿ ಬಟ್ಟೆ ಹೊದಿಸಿದರು. ಮೂಗಿಗೆ ಹತ್ತಿ ಇಟ್ಟರು. ಹಣೆಗೆ ಬಡಿದ ಗಾಯವನ್ನು ಕುಂಕುಮ ಮತ್ತು ಎಣ್ಣೆಯಿಂದ ಮಾಡಿದರು. ತಾಯಿಯ ಪಾತ್ರಕ್ಕೆ ರಾಯಚೂರಿನ ನಾಟಕ ಕಂಪನಿಯೊಂದರಲ್ಲಿ ಹೆಸರು ಮಾಡಿದ್ದ ಹಿರಿಯ ನಟಿ ಬಂದಿದ್ದರು. ಆಕೆ ಎದೆ ಬಡಿದುಕೊಂಡು ಅತ್ತ ಅಳು ನಾಲ್ಕು ಗಲ್ಲಿಗೆ ಕೇಳಿಸಿರಬೇಕು. ನಾನು ಅಡುಗೆಮನೆಯ ಬಾಗಿಲ ಪಕ್ಕದಲ್ಲಿ ಮಾತಿನ ಹಾಳೆ ಹಿಡಿದು ನಿಂತಿದ್ದೆ. ಒಳಗಿನಿಂದ ನಿಜವಾದ ತಾಯಿ ಯಾರಿಗೂ ಹೇಳದವರಂತೆ ಹೇಳಿದರು: "ಅಷ್ಟು ದನಿ ಬರಂಗಿಲ್ಲ ಆಗ."

ಹಣೆಗೆ ಕೆಂಪು ಪಟ್ಟಿ ಕಟ್ಟಿದ್ದ ಮಾಸ್ಟರ್ ಬಂದು, ಶವದ ಕೈ ಹಿಡಿದು, ನಾನು ಬರೆದ ಪ್ರತಿಜ್ಞೆ ಹೇಳಿದರು. ಅದರಲ್ಲಿ ರಕ್ತ, ಬೆಂಕಿ, ಮಣ್ಣು ಮೂರೂ ಇದ್ದವು. ತಪ್ಪಿಲ್ಲದೆ ಹೇಳಿದರು. ಕ್ಯಾಮೆರಾ ನಿಂತಿತು. ಎಲ್ಲರೂ ಸಾಮಾನು ಎತ್ತಲು ಎದ್ದರು.

"ತಾಳಿ" ಎಂದರು ಕ್ಯಾಮೆರಾದವರು ತೆಲುಗಿನಲ್ಲಿ. "ಸತ್ತವನು ನಗಲಿ."

ನನಗೆ ಅದು ಹೊಸದು. ಮಾಸ್ಟರರಿಗೂ ಹೊಸದು. ಕ್ಯಾಮೆರಾದವರೇ ವಿವರಿಸಿದರು. ಸಿನಿಮಾದಲ್ಲಿ ಹೆಣವಾಗಿ ಮಲಗಿದವನು ಹೆಣವಾಗಿಯೇ ಫಿಲ್ಮಿನಲ್ಲಿ ಉಳಿಯಬಾರದು. ದೃಶ್ಯ ಮುಗಿದ ಕೂಡಲೇ ಎದ್ದು ಕೂತು ಕ್ಯಾಮೆರಾ ನೋಡಿ ನಗಬೇಕು, ಆ ನಗುವನ್ನು ಅದೇ ಫಿಲ್ಮಿನ ಮೇಲೆ ತೆಗೆಯಬೇಕು. ಆಮೇಲೆ ಕತ್ತರಿಸಿ ಎಸೆಯುವುದೇ. ಆದರೆ ತೆಗೆಯಲೇಬೇಕು. ಇಲ್ಲದಿದ್ದರೆ ಮಾಡಿದವನಿಗೆ ಒಳ್ಳೆಯದಲ್ಲ. ಎಮ್ಮೆ ಹಾದುಹೋದರೂ ಎರಡನೇ ಸಲ ತೆಗೆಯದ ಮನುಷ್ಯ ಇದಕ್ಕೆ ಮಾತ್ರ ಫಿಲ್ಮು ಉಳಿಸಿಟ್ಟಿದ್ದರು.

"ನವ್ವು ಬಾಬೂ, ನವ್ವು" ಎಂದರು. ನಗು ಮಗನೇ, ನಗು.

ಚಾಲಕ ಎದ್ದು ಕೂತ. ಹಲ್ಲು ತೋರಿಸಿದ. ಅದು ನಗುವಲ್ಲ ಎಂದು ಕ್ಯಾಮೆರಾದವರು ತಲೆ ಅಲ್ಲಾಡಿಸಿದರು. ಖಳನಾಯಕ ಟರ್ನರ್ ಹತ್ತಿರ ಬಂದು, "ಏ, ನಿನ್ನ ಮದುವಿ ಗೊತ್ತಾಗೇತಂತ ತಿಳ್ಕೊಳಲೆ" ಎಂದರು. "ಕನ್ಯಾ ನಿನ್ನ ಕ್ಯಾಬಿನಾಗ ಹಿಂದ ಕೂತು ಇಂಗ್ಲಿಷಿನ್ಯಾಗ ಬೈಯಾಕತ್ತ್ಯಾಳ ಅಂತ ತಿಳ್ಕೋ" ಎಂದ ಇನ್ನೊಬ್ಬ ಶಿಷ್ಯ. ಎಲ್ಲರೂ ನಕ್ಕರು. ನಗಬೇಕಾದವನು ನಗಲಿಲ್ಲ. ಅವನ ಕಣ್ಣು ಅಡುಗೆಮನೆಯ ಬಾಗಿಲ ಮೇಲಿತ್ತು. ಅಲ್ಲಿ ಮಾಸ್ಟರರ ತಾಯಿ, ಕೈಗೆಲ್ಲ ಜೋಳದ ಹಿಟ್ಟು, ಅವನನ್ನೇ ನೋಡುತ್ತ ನಿಂತಿದ್ದರು.

"ಆಗವಲ್ದ್ರಿ" ಎಂದ ಅವನು ನೆಲ ನೋಡಿ. "ಅಮ್ಮಾರು ನಿಂತಾರ."

"ಏನಂತಾನವ್ವಾ ಆ ಮುದುಕ?" ತಾಯಿ ನನ್ನನ್ನು ಕೇಳಿದರು. ತೆಲುಗು ಅವರಿಗೆ ತಿಳಿದಿರಲಿಲ್ಲ. ನಾನು ಹೇಳಿದೆ. ಸತ್ತ ಪಾತ್ರ ಮಾಡಿದವನು ನಗಬೇಕಂತೆ, ಅವನಿಗೆ ಕೆಡುಕಾಗಬಾರದೆಂದು.

ಅವರು ಚಾಲಕನನ್ನು ಇನ್ನೊಮ್ಮೆ ನೋಡಿದರು. ಆಮೇಲೆ ಹೊಸ್ತಿಲು ದಾಟಿ ಬಂದು ಚಾಪೆಯ ಅಂಚಿನಲ್ಲಿ ಕುಳಿತರು.

"ನಗು ಮಗನ" ಎಂದರು ಚಾಲಕನಿಗೆ. "ಏನೂ ತಪ್ಪಿಲ್ಲ. ನಾನೂ ನಕ್ಕೀನಿ ಅವತ್ತ."

ಯಾರಿಗೂ ಅರ್ಥವಾಗಲಿಲ್ಲ. ಸೊಸೆ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತಳು.

"ಇದ ಅಂಗಳ. ಮಂದಿ ತುಂಬಿತ್ತು. ಪೇಪರಿನ್ಯಾಗ ಹೆಸರ ಬಂದೈತಿ, ದೊಡ್ಡಾವ ಹೋದ ಅಂದ್ರು. ಅಳಾಕತ್ತಿದ್ದೆ. ಅಷ್ಟರಾಗ ಹೆಗಲಿಗಿ ಚೀಲ ಹಾಕ್ಕೊಂಡು ಇವ ಬಂದು ಅಲ್ಲೆ ನಿಂತ." ಅವರು ಗೇಟಿನ ಕಡೆ ಕೈ ತೋರಿಸಿದರು. "ನಾ ನಕ್ಕೆ. ಓಡಿ ಹೋಗಿ ಇವನ ಮಾರಿ ಹಿಡಕೊಂಡು ಜೋರಾಗಿ ನಕ್ಕೆ. ನೀ ಇದ್ದೀಯಲ್ಲಪಾ, ನನಗ ಅಷ್ಟ ಸಾಕು ಅಂದೆ. ಅಷ್ಟ ಸಾಕು ಅಂದೆ. ಸಣ್ಣಾವ ಆಗ ದವಾಖಾನಿಯಾಗ ಬರಫಿನ ಮ್ಯಾಲ ಮಲಗಿದ್ದ."

ಆ ಬೆಳಗಿನ ಬಗ್ಗೆ ನಾನು ಗಲ್ಲಿಯ ಹಲವರನ್ನು ಕೇಳಿದ್ದೆ. ಅಳು ಹೇಳಿದ್ದರು, ಜನ ಹೇಳಿದ್ದರು. ಈ ನಗುವನ್ನು ಯಾರೂ ಹೇಳಿರಲಿಲ್ಲ. ನೋಡಿದವರೆಲ್ಲ ಅದನ್ನು ಒಂದೇ ಮನಸ್ಸಿನಿಂದ ಹೇಳದೆ ಬಿಟ್ಟಿದ್ದರು.

ಮಾಸ್ಟರ್ ಹಣೆಯ ಪಟ್ಟಿಯನ್ನು ಬಿಚ್ಚಿ ಕೈಯಲ್ಲಿ ಸುತ್ತಿಕೊಂಡಿದ್ದರು.

"ನೀ ನಕ್ಕಿದ್ದು ನನಗ ನೆನಪಿಲ್ಲವ್ವ. ತಮ್ಮ ಎಲ್ಲಿ ಅಂತ ನಾ ಕೇಳಿದ್ದು, ನೀ ನನ್ನ ಕೈ ಬಿಟ್ಟಿದ್ದು, ಅಷ್ಟ ನೆನಪೈತಿ. ನನ್ನ ಮ್ಯಾಲ ಸಿಟ್ಟಂತ ತಿಳಕೊಂಡಿದ್ದೆ."

"ಸಿಟ್ಟಿತ್ತು. ಈಗೂ ಐತಿ. ನಿನ್ನ ಪಾಳಿಗಿ ಅವನ್ನ ಯಾಕ ಕಳಿಸಿದಿ?" ತಾಯಿ ಮಗನ ಮುಖ ನೋಡಿದರು. "ಆದ್ರ ಅದಕ್ಕ ಮಾತು ಬಿಟ್ಟಿಲ್ಲ ನಾ. ನಿನ್ನ ಮಾರಿ ನೋಡಿದ್ರ ನನ್ನ ನಗಿ ನೆನಪಾಗತೈತಿ. ಎರಡು ಹಡದು, ಒಂದು ಸಾಕು ಅಂದಾಕಿ ನಾ."

ಕಾರ್ಖಾನೆಯ ಸೈರನ್ ಕೂಗಿತು. ಕ್ಯಾಮೆರಾದವರು ನನ್ನ ಕಡೆ ತಿರುಗಿ, ಆಕೆ ಏನೆಂದರು ಎಂದು ತೆಲುಗಿನಲ್ಲಿ ಕೇಳಿದರು. ನಾನು ಆಗ ಹೇಳಲಿಲ್ಲ.

ಚಾಲಕ ಅಳುತ್ತಿದ್ದ. ಮೂಗಿನಲ್ಲಿ ಹತ್ತಿ ಇದ್ದುದರಿಂದ ಅವನಿಗೆ ಉಸಿರಾಡುವುದೇ ಕಷ್ಟವಾಗಿತ್ತು. ತಾಯಿ ಹಿಟ್ಟು ಮೆತ್ತಿದ ಬೆರಳಿನಿಂದ ಹತ್ತಿಯನ್ನು ಎಳೆದು ತೆಗೆದರು.

"ಏಳಪಾ. ನಿಂದು ಡ್ಯೂಟಿ ಐತಿ. ತಡಾ ಯಾಕಾತಂತ ಕಂಪನಿಯಾಗ ಕೇಳಿದ್ರ ಏನಂತ ಹೇಳ್ತಿ? ಸತ್ತಿದ್ದೆ ಅಂತಿ?"

ಅವನು ಕೆಮ್ಮಿದ, ಕೆಮ್ಮುತ್ತಲೇ ನಕ್ಕ. ಕಣ್ಣೀರು, ಕುಂಕುಮ, ಮೂಗಿನ ತುದಿಯಲ್ಲಿ ಜೋಳದ ಹಿಟ್ಟು. "ಸತ್ತಿದ್ದೆ ಅಂದ್ರೂ ರಜಾ ಕೊಡಂಗಿಲ್ರಿ ಅವರು" ಎಂದ. ಕ್ಯಾಮೆರಾ ತಿರುಗುವ ಸದ್ದು ಕೇಳಿಸಿತು. ಅದು ಎಷ್ಟು ಹೊತ್ತಿನಿಂದ ತಿರುಗುತ್ತಿತ್ತೋ ನನಗೆ ಗೊತ್ತಿಲ್ಲ.

ಆ ದಿನದಿಂದ ಮನೆಯಲ್ಲಿ ಎಲ್ಲವೂ ಸರಿಹೋಯಿತೆಂದು ಬರೆದರೆ ಅದು ಇನ್ನೊಂದು ತಪ್ಪು ವರದಿಯಾಗುತ್ತದೆ. ಮರುದಿನ ನಾನು ಹೋದಾಗ ತಾಯಿ ಮತ್ತೆ ಸೊಸೆಯ ಮೂಲಕವೇ ಮಾತಾಡುತ್ತಿದ್ದರು. ಒಂದು ವಾರದ ಮೇಲೆ ಸೊಸೆ ಊರಿಗೆ ಹೋಗಬೇಕಾಗಿ ಬಂದು ಮಧ್ಯೆ ಹೇಳುವವರು ಯಾರೂ ಇಲ್ಲದಾದಾಗ, "ನೀರು ಕಾದಾವ" ಎಂದು ನೇರವಾಗಿ ಹೇಳಿದರಂತೆ. ಮಾಸ್ಟರ್ ಇದನ್ನು ಹೇಳಲೆಂದೇ ಬೇಗಂಪೇಟೆಯ ನನ್ನ ಕಚೇರಿಗೆ ಬಂದಿದ್ದರು.

ಆಗಲೇ ಅವರು ಇನ್ನೊಂದು ಕೆಲಸವನ್ನೂ ಹೇಳಿದರು. ಕೊನೆಯ ಹೊಡೆದಾಟ ಇನ್ನೂ ತೆಗೆದಿರಲಿಲ್ಲ. ಅಲ್ಲಿ ಖಳನಾಯಕನ ಕೊರಳಪಟ್ಟಿ ಹಿಡಿದು ಹೀರೋ ಹೇಳುವ ಮಾತನ್ನು ನಾನು ಎಂಟು ಸಾಲು ಬರೆದಿದ್ದೆ. ನಿನ್ನನ್ನು ಬಿಡುವುದಿಲ್ಲ, ನಿನ್ನ ವಂಶವನ್ನು ಬಿಡುವುದಿಲ್ಲ ಎಂಬ ಜಾತಿಯ ಮಾತು. ಅವರು ಹಾಳೆಯನ್ನು ಮೇಜಿನ ಮೇಲಿಟ್ಟು ಎಂಟು ಸಾಲನ್ನೂ ಹೊಡೆದುಹಾಕಿದರು.

"ಇದರ ಬದಲಿ ಒಂದ ಮಾತು ಸಾಕ್ರಿ. ಅವತ್ತ ಅಲ್ಲಿ ಇರಬೇಕಾದಾವ ನಾ. ಅಷ್ಟ."

"ಜನ ಶಿಳ್ಳೆ ಹಾಕುವ ಜಾಗ ಅದು" ಎಂದೆ. ಕ್ಯಾಮೆರಾದವರು ಹೇಳಿಕೊಟ್ಟಿದ್ದ ಮಾತು ಅದು.

"ಹಾಕಲಿಲ್ಲ ಅಂದ್ರ ಬ್ಯಾಡ ಬಿಡ್ರಿ."

ಬದಲಿಸಿದೆ. ಅವರು ಹೇಳಿದ ಆ ಒಂದು ಸಾಲನ್ನು ತಿದ್ದುವುದಕ್ಕೆ ನಾನು ಪ್ರಯತ್ನಿಸಲಿಲ್ಲ.

ಸಿನಿಮಾ ಮುಗಿಯಿತು. ರಾಯಚೂರು ಕಡೆಯ ಎರಡು ಊರುಗಳಲ್ಲಿ ಕೆಲವು ದಿನ ಓಡಿತು, ಆಮೇಲೆ ಡಬ್ಬಗಳು ಮಾಸ್ಟರರ ಮನೆಯ ಅಟ್ಟಕ್ಕೆ ಬಂದವು. ನಮ್ಮ ಪತ್ರಿಕೆ ಅದರ ಬಗ್ಗೆ ಏನೂ ಬರೆಯಲಿಲ್ಲ. ಬರೆಯಿರಿ ಎಂದು ಅವರೂ ಕೇಳಲಿಲ್ಲ. ಅವರಿಗೆ ಬೇಕಾಗಿದ್ದ ಪ್ರದರ್ಶನ ಅದಕ್ಕೂ ಮೊದಲೇ ಆಗಿಹೋಗಿತ್ತು. ಅದರಲ್ಲಿ ನಾನಿದ್ದೆ.

ಅಮೀರಪೇಟೆಯ ಕಡೆ ಒಂದು ಸಣ್ಣ ಪ್ರಿವ್ಯೂ ಹಾಲ್. ಬೆಳಗಿನ ಹನ್ನೊಂದು ಗಂಟೆ. ದುಡಿದವರು, ಅವರ ಮನೆಯವರು, ಎಲ್ಲ ಸೇರಿ ಅರ್ಧ ಹಾಲ್ ತುಂಬಿತ್ತು. ಚಾಲಕ ಬಂದಿರಲಿಲ್ಲ, ಅವನ ಪಾಳಿ ಬದಲಾಗಿತ್ತು. ತಾಯಿಯನ್ನು ಮಾಸ್ಟರ್ ಆಟೋದಲ್ಲಿ ಕರೆತಂದು ನಡುವಿನ ಸಾಲಿನಲ್ಲಿ ಕೂಡಿಸಿದರು. ಅತ್ತ ಪಕ್ಕದಲ್ಲಿ ಸೊಸೆ ಕುಳಿತಳು. ಇತ್ತ ಪಕ್ಕದ ಕುರ್ಚಿ ಖಾಲಿಯಿತ್ತು. ಮಾಸ್ಟರ್ ಗೋಡೆಗೆ ಒರಗಿ ನಿಂತರು. ದೀಪ ಆರುವ ಮೊದಲು ತಾಯಿ ಆ ಖಾಲಿ ಕುರ್ಚಿಯನ್ನು ಕೈಯಿಂದ ಎರಡು ಸಲ ತಟ್ಟಿದರು. ಅವರು ಬಂದು ಕುಳಿತರು. ನಾನು ಹಿಂದಿನ ಸಾಲಿನಲ್ಲಿದ್ದೆ.

ಶವದ ದೃಶ್ಯ ಬಂದಾಗ ತಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಆ ನಗು ಪರದೆಯ ಮೇಲೆ ಇರಲಿಲ್ಲ, ಸಂಪ್ರದಾಯದಂತೆ ಅದನ್ನು ಕತ್ತರಿಸಲಾಗಿತ್ತು. ಮುಂದೆ ಹೊಡೆದಾಟಗಳು ಬಂದವು. ಏಟಿನ ಸದ್ದನ್ನು ಬೇರೆಲ್ಲೋ ಮಾಡಿ ಸೇರಿಸಿದ್ದರು. ಪ್ರತಿ ಗುದ್ದಿಗೂ ತೆಂಗಿನಕಾಯಿ ಒಡೆದಂತೆ ಕೇಳಿಸುತ್ತಿತ್ತು. ಶಿಷ್ಯರು ಪರದೆಯ ಮೇಲೆ ತಮ್ಮನ್ನೇ ಕಂಡು ಕೂಗಿದರು. ತಾಯಿ ಪರದೆಯಿಂದ ಕಣ್ಣು ತೆಗೆಯದೆ ನೋಡಿದರು.

ಕೊನೆಯಲ್ಲಿ ಬಂಡೆಗಳ ಮೇಲೆ ಹೀರೋ ಖಳನಾಯಕನ ಕೊರಳಪಟ್ಟಿ ಹಿಡಿದ. "ಅವತ್ತ ಅಲ್ಲಿ ಇರಬೇಕಾದಾವ ನಾ." ಯಾರೂ ಶಿಳ್ಳೆ ಹಾಕಲಿಲ್ಲ.

"ಹಂಗ ಅನಬ್ಯಾಡ" ಎಂದರು ತಾಯಿ.

ಮನೆಯಲ್ಲಿ ಮಾತಾಡುವ ದನಿಯಲ್ಲೇ, ಜೋರಾಗಿ ಅಂದರು. ಪರದೆಯ ಮೇಲಿದ್ದವನಿಗೆ ಹೇಳಿದರೋ ಪಕ್ಕದಲ್ಲಿದ್ದವನಿಗೆ ಹೇಳಿದರೋ ನಾನು ಹೇಳಲಾರೆ. ಮುಂದಿನ ಸಾಲಿನವರು ತಿರುಗಿ ನೋಡಿದರು.

"ಇಲ್ಲವ್ವ" ಎಂದರು ಮಾಸ್ಟರ್. "ಅನಂಗಿಲ್ಲ."

ಅಷ್ಟರಲ್ಲಿ ಪರದೆಯ ಮೇಲೆ ಉಳಿದ ರೌಡಿಗಳು ಬಂಡೆಯ ಹಿಂದಿನಿಂದ ಓಡಿಬಂದರು. ಜನ ಸಾಲದೆ ಆ ಚಾಲಕನಿಗೂ ದಪ್ಪ ಮೀಸೆ ಅಂಟಿಸಿ ಅವರಲ್ಲಿ ಸೇರಿಸಿದ್ದರು. ತಾಯಿ ಕುರ್ಚಿಯಲ್ಲಿ ಮುಂದಕ್ಕೆ ಬಗ್ಗಿದರು.

"ಇವ ಸತ್ತಿದ್ನಲ್ಲೋ?"

"ಅವ ಬ್ಯಾರೆವ್ವ. ಇವ ಬ್ಯಾರೆ. ಮೀಸಿ ಹಚ್ಚೀವಿ."

"ಮೀಸಿ ಹಚ್ಚಿದ್ರ ನನಗ ಗುರುತ ಸಿಗಂಗಿಲ್ಲೇನು?" ಪರದೆಯ ಮೇಲೆ ಹೀರೋ ಅವನ ಕಡೆ ತಿರುಗಿ ಕಾಲು ಎತ್ತಿದ್ದ. "ಏ, ಅವನ್ನ ಹೊಡಿಬ್ಯಾಡ."

"ಹೊಡದ ಆಗೇತೆವ್ವ. ತಗದು ನಾಕು ತಿಂಗಳಾತು."

ತೆಂಗಿನಕಾಯಿ ಒಡೆದ ಸದ್ದಾಯಿತು. ಮೀಸೆಯವನು ಬಂಡೆಯಿಂದ ಉರುಳಿದ. ತಾಯಿ ಮಗನ ಮುಂಗೈಯನ್ನು ಹಿಡಿದುಕೊಂಡಿದ್ದರು.

"ಮೆಲ್ಲಗ ಹೊಡದೀಯಿಲ್ಲ?"

"ಮೆಲ್ಲಗ ಹೊಡದೀನವ್ವ" ಎಂದರು ಮಾಸ್ಟರ್.